ಎಂಟುನೂರು ಗ್ರಾಂ ಅಭಿಮಾನ

ಹರಿಯಾಣದ ಪಾಣಿಪತ್ ಜಿಲ್ಲೆಯ ಖಂಡ್ರಾ ಗ್ರಾಮದ ಸರೋಜ್ ದೇವಿ ಅವರು 2024ರ ಆಗಸ್ಟ್‌ನಲ್ಲಿ ಆಡಿದ್ದು ಒಂದೆರಡು ಮಾತು ಮಾತ್ರ. ಮಗನಿಗೆ ಬೆಳ್ಳಿ ಸಿಕ್ಕಿದ್ದು ಖುಷಿಯೇ, ಚಿನ್ನ ಗೆದ್ದವನೂ ನಮ್ಮ ಹುಡುಗನೇ, ಅವನೂ ಕಷ್ಟಪಟ್ಟೇ ಗೆದ್ದಿದ್ದಾನೆ. ಮೈಕು ಹಿಡಿದು ಸುತ್ತುವರಿದವರಿಗೆ ಅವರು ಹೇಳಿದ್ದರ ಸಾರ ಇಷ್ಟು. ಮಗ ಎಂದರೆ ನೀರಜ್ ಚೋಪ್ರಾ. ಪ್ಯಾರಿಸ್ ಒಲಿಂಪಿಕ್ಸ್‌ನ ಜಾವೆಲಿನ್ ಸ್ಪರ್ಧೆಯಲ್ಲಿ ಅವರನ್ನು ಹಿಂದಿಕ್ಕಿದ ಆ ಇನ್ನೊಬ್ಬ ಹುಡುಗ ಪಾಕಿಸ್ತಾನದ ಅರ್ಷದ್ ನದೀಂ. ಗಡಿಯಾಚೆ ಮಿಯಾನ್ ಚನ್ನುವಿನಲ್ಲಿ ನದೀಂ ಅವರ ತಾಯಿ ರಜಿಯಾ ಪರ್ವೀನ್ ಕೂಡ ನೀರಜ್ ತನಗೆ ಮಗನಿದ್ದ ಹಾಗೆ ಎಂದರು. ಎರಡೂ ಕಡೆ ಜನ ಕಣ್ಣೊರೆಸಿಕೊಂಡರು. ಅಮ್ಮಂದಿರ ಕೈಗೆ ರಾಜ್ಯಭಾರ ಕೊಟ್ಟರೆ ಗಡಿ ಸಮಸ್ಯೆಯೇ ಇರುವುದಿಲ್ಲ ಎನ್ನುವ ಧಾಟಿಯ ಬರಹಗಳು ಸಾಲುಸಾಲಾಗಿ ಬಂದವು.

ಎಂಟು ತಿಂಗಳು ಕಳೆಯುವಷ್ಟರಲ್ಲಿ ಅದೇ ತಾಯಿಗೆ ಅದೇ ಮಾತಿಗಾಗಿ ಬೈಗುಳ ಬಿತ್ತು.

ನಡೆದದ್ದು ಹೀಗೆ. ಬೆಂಗಳೂರಿನಲ್ಲಿ ತಮ್ಮ ಹೆಸರಿನಲ್ಲೇ ಒಂದು ಅಂತರರಾಷ್ಟ್ರೀಯ ಜಾವೆಲಿನ್ ಕೂಟ ನಡೆಸಲು ನೀರಜ್ ಹೊರಟಿದ್ದರು. ಜಗತ್ತಿನ ಪ್ರಮುಖ ಎಸೆತಗಾರರಿಗೆಲ್ಲ ಆಹ್ವಾನ ಹೋಗಿತ್ತು, ನದೀಂ ಅವರಿಗೂ ಹೋಗಿತ್ತು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಮಂದಿಯನ್ನು ಗುಂಡಿಟ್ಟು ಕೊಂದರು. ಸತ್ತವರಲ್ಲಿ ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು. ದೇಶ ಕುದಿಯಿತು. ಆ ಕುದಿಯ ಒಂದು ಪಾಲು ನೀರಜ್ ಕಡೆಗೆ ತಿರುಗಿತು: ಪಾಕಿಸ್ತಾನದವನನ್ನು ಕರೆದ ಇವನೆಂಥ ದೇಶಭಕ್ತ? ಆಹ್ವಾನ ಕಳಿಸಿದ್ದು ದಾಳಿಗೆ ಮುಂಚೆ, ಅದು ಒಬ್ಬ ಕ್ರೀಡಾಪಟು ಇನ್ನೊಬ್ಬನಿಗೆ ಕೊಟ್ಟ ಕರೆ ಅಷ್ಟೆ, ಈಗಂತೂ ಅವರು ಬರುವ ಪ್ರಶ್ನೆಯೇ ಇಲ್ಲ ಎಂದು ನೀರಜ್ ಬಹಿರಂಗವಾಗಿ ವಿವರಣೆ ಕೊಡಬೇಕಾಯಿತು. ಅಷ್ಟರಲ್ಲಿ ನದೀಂ ಕೂಡ ಅದೇ ಸಮಯಕ್ಕೆ ಕೊರಿಯಾದಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಇದೆ, ಬರಲಾಗದು ಎಂದು ತಿಳಿಸಿದ್ದರು. ನೀರಜ್ ಕೊಟ್ಟ ಹೇಳಿಕೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಭಾಗ ಬೇರೆ. ಹಿಂದಿನ ವರ್ಷ ಅಮ್ಮ ಮುಗ್ಧವಾಗಿ ಆಡಿದ ಮಾತನ್ನು ಕೊಂಡಾಡಿದವರೇ ಇವತ್ತು ಅದೇ ಮಾತಿಗಾಗಿ ಅವರ ಮೇಲೆ ಬಿದ್ದಿದ್ದಾರೆ ಎಂದು ಅವರು ನೊಂದುಕೊಂಡಿದ್ದರು. ಆ ಹೊತ್ತಿಗೆ ಅವರು ಸೇನೆ ಸೇರಿ ಒಂಬತ್ತು ವರ್ಷವಾಗುತ್ತ ಬಂದಿತ್ತು. ಮುಂದಿನ ತಿಂಗಳೇ ಪ್ರಾದೇಶಿಕ ಸೇನೆಯ ಗೌರವ ಲೆಫ್ಟಿನೆಂಟ್ ಕರ್ನಲ್ ಹುದ್ದೆ ಪ್ರಕಟವಾಯಿತು. ಸಮವಸ್ತ್ರದವನ ದೇಶಭಕ್ತಿಗೂ ಸರ್ಟಿಫಿಕೇಟ್ ಕೇಳುವ ಕಾಲ ಇದು.

ದೇಶದ ಬಗ್ಗೆ ಹೆಮ್ಮೆ ಪಡುವುದು ಒಂದು, ಬೇರೆ ದೇಶದವರಿಗಿಂತ ನಾವು ಮೇಲು ಎಂದು ಬೀಗುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡಕ್ಕೂ ಅದೇ ಬಾವುಟ, ಅದೇ ಜೈಕಾರ, ಕೆನ್ನೆಯ ಮೇಲೆ ಬಳಿದುಕೊಂಡ ಅದೇ ತ್ರಿವರ್ಣ. ಗೆದ್ದ ದಿನ ಇವನ್ನು ಬೇರ್ಪಡಿಸಿ ನೋಡುವುದು ಕಷ್ಟ. ಸೋತ ದಿನ ತಾವಾಗಿಯೇ ಬೇರೆಯಾಗುತ್ತವೆ.

ಜಾವೆಲಿನ್‌ನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಪುರುಷರ ಜಾವೆಲಿನ್ನಿನ ತೂಕ ಕನಿಷ್ಠ 800 ಗ್ರಾಂ, ಉದ್ದ ಎರಡೂವರೆ ಮೀಟರ್‌ಗೆ ತುಸು ಜಾಸ್ತಿ. ಕಬಡ್ಡಿಯ ಹಾಗೆ ಇಲ್ಲಿ ಎದುರಾಳಿಯ ಕಾಲು ಹಿಡಿದೆಳೆಯುವಂತಿಲ್ಲ, ಕ್ರಿಕೆಟ್‌ನ ಹಾಗೆ ಅವನ ವಿಕೆಟ್ ಕೀಳುವಂತಿಲ್ಲ. ಅವನು ಎಷ್ಟು ದೂರ ಎಸೆಯುತ್ತಾನೆ ಎಂಬುದರ ಮೇಲೆ ನಿಮಗೆ ಯಾವ ಹಿಡಿತವೂ ಇಲ್ಲ. ಓಡಿ ಬಂದು, ಗೆರೆಗೆ ಮುಂಚೆ ನಿಂತು, ಎಸೆದು, ಬದಿಯಲ್ಲಿರುವ ಅಧಿಕಾರಿಯ ಕಡೆ ನೋಡಬೇಕು. ಅವರ ಕೈಯಲ್ಲಿರುವುದು ಎರಡು ಬಾವುಟ: ಬಿಳಿ ಎತ್ತಿದರೆ ಎಸೆತ ಸರಿ, ಕೆಂಪು ಎತ್ತಿದರೆ ಫೌಲ್. ಆಮೇಲೆ ತುದಿ ನೆಲಕ್ಕೆ ತಾಗಿದ ಜಾಗದಿಂದ ಸೆಂಟಿಮೀಟರ್ ಲೆಕ್ಕದ ಅಳತೆ.

2024ರ ಆಗಸ್ಟ್ 8ರ ರಾತ್ರಿ ನದೀಂ ಅವರ ಮೊದಲ ಎಸೆತ ಫೌಲ್. ಎರಡನೆಯದು 92.97 ಮೀಟರ್. ನಾರ್ವೆಯ ಆಂಡ್ರೀಯಾಸ್ ಥಾರ್ಕಿಲ್ಡ್‌ಸೆನ್ 2008ರಲ್ಲಿ ಬೀಜಿಂಗ್‌ನಲ್ಲಿ ಬರೆದಿದ್ದ 90.57 ಮೀಟರ್‌ಗಳ ಒಲಿಂಪಿಕ್ ದಾಖಲೆ ಎರಡು ಮೀಟರ್‌ಗೂ ಹೆಚ್ಚು ಅಂತರದಲ್ಲಿ ಹೋಯಿತು. ನೀರಜ್ ತಮ್ಮ ಎರಡನೇ ಸರದಿಯಲ್ಲಿ 89.45 ಮೀಟರ್ ಎಸೆದರು. ಉಳಿದ ಐದೂ ಸಲ ಕೆಂಪು ಬಾವುಟ. ತೊಡೆಸಂಧಿಯ ನೋವು ಅವರನ್ನು ತಿಂಗಳುಗಳಿಂದ ಕಾಡುತ್ತಿತ್ತು.

ಈಗ ಈ ಎರಡು ಅಂಕಿಗಳನ್ನು ನೋಡಿ. 2021ರಲ್ಲಿ ಟೋಕಿಯೊದಲ್ಲಿ ಚಿನ್ನ ತಂದ ಎಸೆತ 87.58 ಮೀಟರ್. ಪ್ಯಾರಿಸ್‌ನಲ್ಲಿ ಬೆಳ್ಳಿಗೆ ನಿಂತದ್ದು 89.45. ಅಂದರೆ ಸೋತ ರಾತ್ರಿ ನೀರಜ್ ತಾವು ಗೆದ್ದ ದಿನಕ್ಕಿಂತ ಒಂದು ಮೀಟರ್ 87 ಸೆಂಟಿಮೀಟರ್ ಹೆಚ್ಚು ದೂರ ಎಸೆದಿದ್ದರು, ಅದೂ ನೋಯುವ ಮೈಯಲ್ಲಿ. ಅಲ್ಲಿಯವರೆಗಿನ ಅವರ ಬದುಕಿನ ಎರಡನೇ ಅತ್ಯುತ್ತಮ ಎಸೆತ ಅದು. ನಮ್ಮ ಹುಡುಗ ಏನು ಮಾಡಿದ ಎಂಬುದರ ಮೇಲೆ ಹೆಮ್ಮೆ ನಿಂತಿದ್ದರೆ ಪ್ಯಾರಿಸ್ ಟೋಕಿಯೊಗಿಂತ ದೊಡ್ಡ ದಿನ. ಯಾರು ಯಾರ ಕೆಳಗೆ ನಿಂತರು ಎಂಬುದರ ಮೇಲೆ ನಿಂತಿದ್ದರೆ ಅದು ಮುಖ ಮುಚ್ಚಿಕೊಳ್ಳುವ ದಿನ. ಖಂಡ್ರಾದ ತಾಯಿ ಮೊದಲನೇ ಲೆಕ್ಕ ಹಿಡಿದವರು. ಸುದ್ದಿವಾಹಿನಿಗಳ ಎಷ್ಟೋ ಪ್ಯಾನಲ್‌ಗಳಿಗೆ ಎರಡನೆಯದೇ ಬೇಕಿತ್ತು.

ಇಬ್ಬರ ಈ ಓಟ ಪ್ಯಾರಿಸ್‌ನಲ್ಲಿ ಶುರುವಾದದ್ದಲ್ಲ. ಮೊದಲ ಸಲ ಎದುರಾದದ್ದು 2016ರಲ್ಲಿ, ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ನೀರಜ್ ಚಿನ್ನ, ನದೀಂ ಕಂಚು. ವೇದಿಕೆಯ ಮೇಲೆ ಇಬ್ಬರೂ ಕೈಕುಲುಕುವ ಚಿತ್ರ ಆಗಲೂ ಓಡಾಡಿತ್ತು. ಗಾಯಗೊಂಡು ನೀರಜ್ ಹೊರಗುಳಿದಿದ್ದ 2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕೂಟದಲ್ಲಿ ನದೀಂ 90.18 ಮೀಟರ್ ಎಸೆದರು. ತೊಂಬತ್ತರ ಗಡಿ ದಾಟಿದ ದಕ್ಷಿಣ ಏಷ್ಯಾದ ಮೊದಲಿಗರು ಅವರೇ. ನೀರಜ್ ಅಭಿನಂದನೆ ಕಳಿಸಿದರು. ಮರುವರ್ಷ ಬುಡಾಪೆಸ್ಟ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನೀರಜ್ 88.17, ನದೀಂ 87.82. ನಡುವೆ ಇದ್ದದ್ದು ಮಕ್ಕಳ ಅಳತೆಪಟ್ಟಿಯಷ್ಟು ಅಂತರ. ಫೋಟೊಕ್ಕೆ ನಿಲ್ಲುವಾಗ ನದೀಂ ಬಳಿ ಅವರ ದೇಶದ ಬಾವುಟ ಇರಲಿಲ್ಲ. ತ್ರಿವರ್ಣ ಹೊದ್ದಿದ್ದ ನೀರಜ್ ಅವರನ್ನು ಬಾ ಎಂದು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಪಾಕಿಸ್ತಾನದವನನ್ನು ಸೋಲಿಸಿದ್ದಕ್ಕೆ ಏನನ್ನಿಸುತ್ತದೆ ಎಂದು ವರದಿಗಾರರೊಬ್ಬರು ಆಗಲೂ ಸರೋಜ್ ದೇವಿಯವರನ್ನು ಕೇಳಿದ್ದರು. ಮೈದಾನಕ್ಕೆ ಎಲ್ಲರೂ ಆಡಲಿಕ್ಕೇ ಬಂದಿರುತ್ತಾರೆ, ಯಾರಾದರೊಬ್ಬರು ಗೆಲ್ಲಲೇಬೇಕಲ್ಲ ಎಂಬರ್ಥದ ಉತ್ತರ ಬಂದಿತ್ತು. ಪ್ಯಾರಿಸ್‌ನ ಮಾತು ಕ್ಯಾಮೆರಾ ಕಂಡು ಹುಟ್ಟಿದ್ದಲ್ಲ ಎಂದು ಹೇಳಲು ಇದನ್ನು ನೆನೆದೆ.

ನಡುವೆ ಒಂದು ಜಾವೆಲಿನ್ ಕಳವಿನ ಕತೆಯೂ ಬಂದುಹೋಗಿದೆ. ಟೋಕಿಯೊ ಚಿನ್ನದ ಸಂಭ್ರಮದಲ್ಲಿ ನೀರಜ್ ಒಂದು ಸಂದರ್ಶನದಲ್ಲಿ ಫೈನಲ್‌ನ ಆರಂಭದ ಪ್ರಸಂಗ ಹೇಳಿದರು. ತನ್ನ ಜಾವೆಲಿನ್ ಹುಡುಕುತ್ತಿದ್ದಾಗ ಅದು ನದೀಂ ಕೈಯಲ್ಲಿತ್ತಂತೆ, ಭಾಯಿ ಅದು ನನ್ನದು ಎಂದು ಕೇಳಿ ಇಸಕೊಂಡರಂತೆ. ನಕ್ಕು ಬಿಡುವಂಥ ಸಂಗತಿ. ಒಂದೇ ದಿನದಲ್ಲಿ ಅದು ಪಾಕಿಸ್ತಾನದ ಸಂಚು ಆಯಿತು. ಹಾಳು ಮಾಡಲೆಂದೇ ಕದ್ದದ್ದು ಎಂದು ಬರೆದವರಿದ್ದರು. ನೀರಜ್ ವಿಡಿಯೊ ಮಾಡಿ ತಿಳಿಹೇಳಿದರು: ಸ್ಪರ್ಧಿಗಳು ತಂದ ಜಾವೆಲಿನ್‌ಗಳನ್ನೆಲ್ಲ ಒಂದೆಡೆ ಇಟ್ಟಿರುತ್ತಾರೆ, ಯಾರು ಯಾರದ್ದನ್ನು ಬೇಕಾದರೂ ಎಸೆಯಬಹುದು, ನಿಯಮವೇ ಹಾಗಿದೆ, ನಿಮ್ಮ ಕೊಳಕು ಉದ್ದೇಶಗಳಿಗೆ ನನ್ನ ಹೆಸರು ಬಳಸಬೇಡಿ. ಚಿನ್ನ ಗೆದ್ದು ಮೂರು ವಾರವಾಗಿತ್ತು. ಸ್ವಾತಂತ್ರ್ಯಾನಂತರ ಅಥ್ಲೆಟಿಕ್ಸ್‌ನಲ್ಲಿ ಭಾರತಕ್ಕೆ ಬಂದ ಮೊದಲ ಒಲಿಂಪಿಕ್ ಪದಕ, ಅದೂ ಬಂಗಾರ. ಅಷ್ಟು ಸಿಕ್ಕಿದ ಮೇಲೂ ಕೆಲವರಿಗೆ ಐದನೇ ಸ್ಥಾನದಲ್ಲಿದ್ದವನನ್ನು ಕಳ್ಳ ಅನ್ನದೆ ಊಟ ಸೇರಲಿಲ್ಲ. ಆ ನದೀಂ ಎಸೆಯುತ್ತಿದ್ದದ್ದಾದರೂ ಏನನ್ನು? 2024ರ ಮಾರ್ಚ್‌ನಲ್ಲಿ ತಮ್ಮ ಬಳಿ ಇರುವ ಅಂತರರಾಷ್ಟ್ರೀಯ ಗುಣಮಟ್ಟದ ಒಂದೇ ಜಾವೆಲಿನ್ ಏಳೆಂಟು ವರ್ಷ ಹಳೆಯದು, ಹಾಳಾಗಿದೆ ಎಂದು ಅವರು ಹೇಳಿಕೊಂಡಿದ್ದರು. ಗಾರೆ ಕೆಲಸದವರ ಮಗ. ಇಂಥ ಆಟಗಾರನಿಗೆ ಹೊಸ ಜಾವೆಲಿನ್ ಸಿಗುವುದಿಲ್ಲ ಎಂದರೆ ನಂಬಲಾಗುವುದಿಲ್ಲ ಎಂದು ಆಗ ದನಿ ಎತ್ತಿದವರು ನೀರಜ್.

ಇನ್ನು ನಮ್ಮ ಅಭಿಮಾನದ ವಸ್ತುವನ್ನೇ ಸ್ವಲ್ಪ ಬಿಡಿಸಿ ನೋಡಿದರೆ ಒಳಗೆ ಎಷ್ಟು ದೇಶಗಳಿವೆ! ನೀರಜ್‌ಗೆ ತರಬೇತಿ ಕೊಟ್ಟ ಊವ್ ಹೋನ್ ಜರ್ಮನಿಯವರು. 1984ರಲ್ಲಿ ಪೂರ್ವ ಬರ್ಲಿನ್‌ನಲ್ಲಿ 104.80 ಮೀಟರ್ ಎಸೆದು, ಪ್ರೇಕ್ಷಕರಿಗೇ ಅಪಾಯ ಎಂಬ ಭಯ ಹುಟ್ಟಿಸಿ, ಜಾವೆಲಿನ್ನಿನ ವಿನ್ಯಾಸವನ್ನೇ ಬದಲಿಸುವಂತೆ ಮಾಡಿದವರು. ಟೋಕಿಯೊ ಚಿನ್ನದ ಹೊತ್ತಿಗೆ ಜೊತೆಗಿದ್ದ ಕ್ಲಾಸ್ ಬಾರ್ಟೊನೀಟ್ಜ್ ಅವರೂ ಜರ್ಮನ್ನರೇ. ಆಮೇಲೆ ಬಂದವರು ಝೆಕ್ ದೇಶದ ಯಾನ್ ಝೆಲೆಜ್ನಿ, ಅವರ 98.48 ಮೀಟರ್‌ಗಳ ವಿಶ್ವದಾಖಲೆ 1996ರಿಂದ ಹಾಗೇ ಇದೆ. ನಮ್ಮವರ ಪಾಲೂ ಇಲ್ಲದಿಲ್ಲ. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಕಂಚು ಗೆದ್ದ ಶಿರಸಿಯ ಕಾಶೀನಾಥ್ ನಾಯ್ಕ್ ಸೇನೆಯ ಕೋಚ್ ಆಗಿದ್ದಾಗ ನೀರಜ್ ಅವರನ್ನು ತಿದ್ದಿದವರಲ್ಲಿ ಒಬ್ಬರು. ಟೋಕಿಯೊ ಫಲಿತಾಂಶ ಬಂದದ್ದೇ ಕರ್ನಾಟಕ ಸರ್ಕಾರ ಅವರಿಗೆ 10 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು, ಅದರ ಬೆನ್ನಿಗೇ ನಿಜವಾದ ಗುರು ಯಾರು ಎಂಬ ತಕರಾರೂ ಎದ್ದಿತು. ಬಂಗಾರ ಎಂದರೆ ನೆಂಟರು ಹೆಚ್ಚು. ನದೀಂ ಕೂಡ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಕಲಿತು ಬಂದವರೇ.

ಹೆಮ್ಮೆಗೂ ಮೇಲರಿಮೆಗೂ ಇರುವ ವ್ಯತ್ಯಾಸವನ್ನು ಮನಶ್ಶಾಸ್ತ್ರದವರು ಬಹಳ ಹಿಂದೆಯೇ ಕೆದಕಿದ್ದಾರೆ. 1989ರಲ್ಲಿ ಅಮೆರಿಕದ ರಿಕ್ ಕಾಸ್ಟರ್‌ಮನ್ ಮತ್ತು ಸೆಮೂರ್ ಫೆಶ್‌ಬಾಕ್ ಪ್ರಶ್ನಾವಳಿ ಹಂಚಿ, ದೇಶದ ಮೇಲಿನ ಪ್ರೀತಿಯನ್ನೂ ತನ್ನ ದೇಶ ಇತರರಿಗಿಂತ ಮೇಲು ಎನ್ನುವ ಭಾವವನ್ನೂ ಪ್ರತ್ಯೇಕವಾಗಿ ಅಳೆದರು. ಒಂದಕ್ಕೊಂದು ನಂಟಿದ್ದರೂ ಅವು ಬೇರೆ ಬೇರೆ ಎಂದು ತೋರಿಸಿದರು. ಒಂದು ಹೆಚ್ಚಿದ್ದ ಮಾತ್ರಕ್ಕೆ ಇನ್ನೊಂದು ಇರಲೇಬೇಕೆಂದಿಲ್ಲ. ಎರಡು ದಶಕದ ನಂತರ, 2009ರಲ್ಲಿ, ಅಗ್ನಿಯೆಷ್ಕಾ ಗೊಲೆಟ್ಸ್ ಡೆ ಜವಾಲಾ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಹೋದರು. ನಮ್ಮ ಗುಂಪು ಅಸಾಮಾನ್ಯವಾದದ್ದು, ಆದರೆ ಲೋಕ ಅದನ್ನು ಒಪ್ಪುತ್ತಿಲ್ಲ ಎಂದು ಕೊರಗುವ ಮನಃಸ್ಥಿತಿಯನ್ನು ಅವರು ಸಾಮೂಹಿಕ ಆತ್ಮರತಿ ಎಂದು ಗುರುತಿಸಿದರು. ಅಂಥವರಿಗೆ ಎಲ್ಲೆಲ್ಲೂ ಅವಮಾನವೇ ಕಾಣುತ್ತದೆ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

ಇದಕ್ಕೆ ಪ್ರಯೋಗಾಲಯ ಬೇಕಿಲ್ಲ, ಕುಟುಂಬದ ವಾಟ್ಸ್‌ಆ್ಯಪ್ ಗುಂಪು ಸಾಕು. 'ಜನಗಣಮನ' ಜಗತ್ತಿನಲ್ಲೇ ಅತ್ಯುತ್ತಮ ರಾಷ್ಟ್ರಗೀತೆ ಎಂದು ಯುನೆಸ್ಕೊ ಈಗಷ್ಟೇ ಘೋಷಿಸಿದೆ ಎಂಬ ಸಂದೇಶ 2008ರ ಸುಮಾರಿಗೆ ಇ–ಮೇಲ್‌ನಲ್ಲಿ ಹುಟ್ಟಿ, ಫೇಸ್‌ಬುಕ್ ದಾಟಿ, ಇವತ್ತಿಗೂ ಆಗಸ್ಟ್ 15 ಹತ್ತಿರ ಬಂದಾಗ ತಪ್ಪದೆ ಬರುತ್ತದೆ. ಅಂಥ ಘೋಷಣೆಯನ್ನು ತಾನು ಮಾಡಿಲ್ಲ ಎಂದು ಯುನೆಸ್ಕೊ ಅಂದೇ ಹೇಳಿದೆ. ಕೇಳುವವರು ಯಾರು? ಕಳಿಸಿದ ಚಿಕ್ಕಪ್ಪನವರಿಗೆ ಸುಳ್ಳು ಎಂದು ತಿಳಿಸಿದರೆ, ಇರಲಿ ಬಿಡಪ್ಪ, ಒಳ್ಳೆಯ ವಿಷಯ ತಾನೆ ಎಂಬ ಉತ್ತರ. ನನಗೆ ವಿಚಿತ್ರ ಅನ್ನಿಸುವುದು ಸುಳ್ಳಲ್ಲ. ಶಾಲೆಯ ಅಂಗಳದಲ್ಲಿ ಬಿಸಿಲಿಗೆ ನಿಂತು ಹಾಡಿದಾಗ ಮೈ ಜುಮ್ಮೆಂದದ್ದು ಸಾಲದೆ? ಅದಕ್ಕೆ ಪ್ಯಾರಿಸ್‌ನ ಒಂದು ಕಚೇರಿಯ ಮೊಹರು ಏಕೆ ಬೇಕು? ಬೇರೆಯವರು ನಮಗಿಂತ ಕೀಳು ಎನ್ನುತ್ತಲೇ ಅವರ ಪ್ರಶಸ್ತಿಪತ್ರಕ್ಕೆ ಕೈಚಾಚುವುದು ಈ ಮನಸ್ಸಿನ ದೊಡ್ಡ ತಮಾಷೆ. ಆ ಗೀತೆ ಬರೆದ ರವೀಂದ್ರನಾಥ ಟ್ಯಾಗೋರರು 1916ರಲ್ಲಿ ಜಪಾನಿಗೆ ಹೋಗಿ, ಪಶ್ಚಿಮದ ರಾಷ್ಟ್ರೀಯತೆಯ ಜಂಬವನ್ನು ನಕಲು ಮಾಡಬೇಡಿ ಎಂದು ಭಾಷಣ ಮಾಡಿದ್ದರು. ಬರುವಾಗ ಜನಜಂಗುಳಿಯೊಂದಿಗೆ ಸ್ವಾಗತಿಸಿದ್ದ ಜಪಾನ್ ಹೋಗುವ ಹೊತ್ತಿಗೆ ತಣ್ಣಗಾಗಿತ್ತು. ಸೋತ ದೇಶದ ಕವಿಗೆ ಇನ್ನೇನು ತೋಚೀತು ಎಂಬುದು ಅಲ್ಲಿನ ಕೆಲವರ ಮೂದಲಿಕೆ.

ಆಟ ಸ್ನೇಹ ಬೆಳೆಸುತ್ತದೆ ಎಂಬ ಭಾಷಣದ ಮಾತನ್ನು ನಾನು ಅಷ್ಟಾಗಿ ನಂಬುವವನಲ್ಲ. 1999ರ ಜನವರಿಯಲ್ಲಿ ಪಾಕಿಸ್ತಾನ ತಂಡ ಬರಬಾರದೆಂದು ದೆಹಲಿಯ ಕೋಟ್ಲಾ ಪಿಚ್ಚನ್ನೇ ಅಗೆದರು. ಅದೇ ತಿಂಗಳ 31ರಂದು ಚೆನ್ನೈನಲ್ಲಿ ಸಚಿನ್ 136 ಹೊಡೆದೂ ಭಾರತ 12 ರನ್ನುಗಳಿಂದ ಸೋತಾಗ ಚೆಪಾಕ್ ಎದ್ದು ನಿಂತು ಪಾಕಿಸ್ತಾನಕ್ಕೆ ಚಪ್ಪಾಳೆ ತಟ್ಟಿತು, ಗೆದ್ದವರು ಮೈದಾನಕ್ಕೆ ಒಂದು ಸುತ್ತು ಬಂದರು. ವಾರದೊಳಗೆ ಕೋಟ್ಲಾದಲ್ಲಿ ನಮ್ಮ ಅನಿಲ್ ಕುಂಬ್ಳೆ ಅದೇ ತಂಡದ ಹತ್ತಕ್ಕೆ ಹತ್ತೂ ವಿಕೆಟ್ ಕಿತ್ತರು. ಮೇ ತಿಂಗಳಲ್ಲಿ ಕಾರ್ಗಿಲ್. ಚೆಪಾಕ್‌ನ ಚಪ್ಪಾಳೆ ಯುದ್ಧ ತಡೆಯಲಿಲ್ಲ, ತಡೆಯಲಿ ಎಂದು ಯಾರೂ ತಟ್ಟಿರಲೂ ಇಲ್ಲ. ಒಳ್ಳೆಯ ಆಟ ಕಂಡರು, ತಟ್ಟಿದರು. ನೀರಜ್ ಕೂಡ ನದೀಂ ತನಗೆ ತೀರಾ ಆಪ್ತ ಸ್ನೇಹಿತನೇನಲ್ಲ, ಇನ್ನು ಮುಂದೆ ಮೊದಲಿನಂತಿರಲು ಸಾಧ್ಯವೂ ಇಲ್ಲ ಎಂದು 2025ರ ಮೇನಲ್ಲಿ ದೋಹಾದಲ್ಲಿ ನೇರವಾಗಿ ಹೇಳಿದರು. ಪಹಲ್ಗಾಮ್ ನಂತರ ನದೀಂ ಬೆಂಗಳೂರಿನ ಕೂಟಕ್ಕೆ ಬರಲಿಲ್ಲವಲ್ಲ ಎಂದು ನಾನೂ ಕೊರಗುವುದಿಲ್ಲ. ಕೊಂದವರ ಮೇಲೆ, ಅವರನ್ನು ಸಾಕಿದವರ ಮೇಲೆ ಬರುವ ಸಿಟ್ಟು ನ್ಯಾಯದ ಸಿಟ್ಟು. ಅದನ್ನು ಮೇಲರಿಮೆ ಎಂದು ಕರೆದರೆ ತಪ್ಪಾದೀತು. ಆದರೆ ಆ ಸಿಟ್ಟು ಎಂಟು ತಿಂಗಳು ಹಿಂದಕ್ಕೆ ಹೋಗಿ, ಒಬ್ಬ ತಾಯಿ ಇನ್ನೊಬ್ಬಳ ಮಗನ ದುಡಿಮೆಯನ್ನು ಒಪ್ಪಿಕೊಂಡದ್ದನ್ನು ಅಪರಾಧ ಮಾಡುವುದಿದೆಯಲ್ಲ, ಅಲ್ಲಿ ಪಹಲ್ಗಾಮ್ ನೆಪ ಮಾತ್ರ. ನದೀಂ ಎಸೆದದ್ದು 92.97 ಮೀಟರ್ ಎಂಬುದೇ ಅವರಿಗೆ ಮೊದಲಿನಿಂದ ನುಂಗಲಾಗದ ತುತ್ತು.

ಹೆಮ್ಮೆ ಇದ್ದವರಿಗೆ ನಾಚಿಕೆಯೂ ಇರುತ್ತದೆ. ಇದನ್ನು ಹೇಳುವಾಗ ಉದ್ದೀಪನ ಮದ್ದಿನ ಲೆಕ್ಕ ತೆಗೆಯಲೇಬೇಕು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ 2023ರ ವರದಿಯಲ್ಲಿ ಭಾರತದ 5,606 ಮಾದರಿಗಳಲ್ಲಿ 213 ಪಾಸಿಟಿವ್, ಶೇ 3.8. ಐದು ಸಾವಿರಕ್ಕೂ ಹೆಚ್ಚು ಪರೀಕ್ಷೆ ನಡೆಸಿದ ದೇಶಗಳಲ್ಲಿ ಇಷ್ಟು ಪ್ರಮಾಣ ಮತ್ತೊಂದರದ್ದಿಲ್ಲ. ದೇಶ ನನ್ನದು ಅಂದುಕೊಂಡವನಿಗೆ ಈ ಅಂಕಿ ಓದಿ ತಲೆ ತಗ್ಗುತ್ತದೆ, ಶಾಲಾ ಕೂಟದಿಂದಲೇ ಹುಡುಗರ ಕೈಗೆ ಇಂಜೆಕ್ಷನ್ ಸಿಗುತ್ತಿರುವುದು ಹೇಗೆ ಎಂದು ಕೇಳಬೇಕೆನಿಸುತ್ತದೆ. ದೇಶ ಎಲ್ಲರಿಗಿಂತ ಮೇಲು ಅಂದುಕೊಂಡವನು ವರದಿ ಬರೆದವರ ಹುನ್ನಾರ ಹುಡುಕುತ್ತಾನೆ. ಜಾವೆಲಿನ್ ಕದ್ದರು ಎಂದು ಕೂಗಿದ ಗಂಟಲುಗಳು ಈ 213ರ ಬಗ್ಗೆ ಕೂಗಿದ್ದು ನನಗಂತೂ ಕೇಳಿಸಲಿಲ್ಲ.

ಮುಂದೂಡಲ್ಪಟ್ಟಿದ್ದ ನೀರಜ್ ಅವರ ಬೆಂಗಳೂರಿನ ಕೂಟ ಕೊನೆಗೆ 2025ರ ಜುಲೈ 5ರಂದು ಕಂಠೀರವ ಕ್ರೀಡಾಂಗಣದಲ್ಲಿ ನಡೆಯಿತು. ನೀರಜ್ 86.18 ಮೀಟರ್ ಎಸೆದು ಗೆದ್ದರು. ಎರಡನೆಯವರು ಕೀನ್ಯಾದ ಜೂಲಿಯಸ್ ಯೇಗೊ. ಓಟಗಾರರ ದೇಶದಲ್ಲಿ ಹುಟ್ಟಿ, ಕಲಿಸುವವರಿಲ್ಲದೆ ಯೂಟ್ಯೂಬ್ ನೋಡಿ ಎಸೆಯಲು ಕಲಿತು, 2015ರಲ್ಲಿ ವಿಶ್ವ ಚಾಂಪಿಯನ್ ಆದವರು. ಮೂರನೆಯವರು ಶ್ರೀಲಂಕಾದ ರುಮೇಶ್ ಪತಿರಗೆ. ಓಡುವ ಮುನ್ನ ಎಸೆತಗಾರ ಎರಡೂ ಕೈ ತಲೆಯ ಮೇಲೆತ್ತಿ ತಟ್ಟುತ್ತಾನೆ, ಗ್ಯಾಲರಿ ಅದೇ ತಾಳಕ್ಕೆ ಕೂಡಿಕೊಳ್ಳುತ್ತದೆ, ಹೆಜ್ಜೆ ಬಿರುಸಾದ ಹಾಗೆ ತಾಳವೂ ಬಿರುಸಾಗುತ್ತದೆ. ಅಥ್ಲೆಟಿಕ್ಸ್‌ನ ಹಳೆಯ ರೂಢಿ ಇದು. ಎಸೆಯುವವನು ಯಾವ ದೇಶದವನು ಎಂದು ಕೇಳಿಕೊಂಡು ತಟ್ಟುವುದಲ್ಲ.

ಅದೇ ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ ವಿಶ್ವ ಚಾಂಪಿಯನ್‌ಷಿಪ್. ನಾಲ್ಕು ವರ್ಷದ ಹಿಂದೆ ನೀರಜ್ ಚಿನ್ನ ಗೆದ್ದ ಅದೇ ಮೈದಾನ. ಪ್ಯಾರಿಸ್ ನಂತರ ನೀರಜ್–ನದೀಂ ಮೊದಲ ಸಲ ಎದುರುಬದುರು, ಎರಡೂ ದೇಶಗಳಲ್ಲಿ ಅದೇ ಮಾತು. ನದೀಂ 82.75 ಮೀಟರ್‌ಗೆ ನಿಂತು ಹತ್ತನೆಯವರಾದರು. ನೀರಜ್ 84.03, ಎಂಟನೇ ಸ್ಥಾನ. ಚಿನ್ನ ಗೆದ್ದದ್ದು ಟ್ರಿನಿಡಾಡ್‌ನ ಕೆಶಾರ್ನ್ ವಾಲ್‌ಕಾಟ್, ಬೆಳ್ಳಿ ಗ್ರೆನಡಾದ ಆಂಡರ್ಸನ್ ಪೀಟರ್ಸ್. ಗ್ರೆನಡಾದ ಜನಸಂಖ್ಯೆ ನಮ್ಮದೊಂದು ಸಣ್ಣ ತಾಲ್ಲೂಕಿನಷ್ಟು, ಲಕ್ಷಕ್ಕಿಂತ ತುಸು ಹೆಚ್ಚು. ನೂರಾರು ಕೋಟಿ ಜನರ ಎರಡು ದೇಶಗಳು ಒಂದನ್ನೊಂದು ದಿಟ್ಟಿಸುತ್ತ ಕೂತಿದ್ದಾಗ ಚಿನ್ನ, ಬೆಳ್ಳಿ ಎರಡೂ ಕೆರಿಬಿಯನ್ ದ್ವೀಪಗಳಿಗೆ ಹೋದವು.

ಎಂಟು ಹತ್ತಕ್ಕಿಂತ ಮೇಲು ಎಂದು ಸಮಾಧಾನ ಮಾಡಿಕೊಂಡವರು ಆ ರಾತ್ರಿಯೂ ಇದ್ದರು. ಅವರು ಗಮನಿಸದೇ ಹೋದ ಒಂದು ಸಾಲು ಫಲಿತಾಂಶದ ಪಟ್ಟಿಯಲ್ಲಿ ಮೇಲೆಯೇ ಇತ್ತು. ನಾಲ್ಕನೇ ಸ್ಥಾನ, ಸಚಿನ್ ಯಾದವ್, ಭಾರತ, 86.27 ಮೀಟರ್. ಉತ್ತರಪ್ರದೇಶದ ಬಾಗ್‌ಪತ್ ಕಡೆಯ ಹುಡುಗ. ಮೊದಲು ವೇಗದ ಬೌಲರ್ ಆಗಬೇಕೆಂದಿದ್ದವನು. ಕೊರಿಯಾದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ನದೀಂ ಹಿಂದೆ ಬೆಳ್ಳಿ ಗೆದ್ದಿದ್ದ, ಕಂಠೀರವದಲ್ಲೂ ಎಸೆದಿದ್ದ. ಟೋಕಿಯೊದ್ದು ಅವನ ಬದುಕಿನ ಅತ್ಯುತ್ತಮ ಎಸೆತ. ಕಂಚಿಗೆ ಬೇಕಿದ್ದದ್ದು ಇನ್ನು 40 ಸೆಂಟಿಮೀಟರ್.